ಎರಡನೆಯ ನಾಣ್ಯ

ನಮ್ಮ ಅಪ್ಪ ಹಂಪಯ್ಯ ನೆಲಕ್ಕೆ ಟೈಲ್ಸ್ ಹಾಕುವವನು. ನಾನು ಭಾಗ್ಯಶ್ರೀ, ಅವನ ಒಬ್ಬಳೇ ಮಗಳು, ಕಪ್ಪುಕುಳಿಯೊಳಗೆ ಬೀಳುವ ಯಂತ್ರವೊಂದಕ್ಕೆ ಏನು ಕೇಳಿಸುತ್ತದೆ ಎಂದು ಲೆಕ್ಕ ಹಾಕುವವಳು. ಇಬ್ಬರಲ್ಲಿ ಯಾರ ಕೆಲಸ ಉಪಯೋಗದ್ದು ಎಂದು ಉಪ್ಪಲ್‌ನ ನಮ್ಮ ಗಲ್ಲಿಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ. ಅದನ್ನು ಇಲ್ಲಿ ಬರೆದು ನನ್ನ ಮರ್ಯಾದೆ ನಾನೇ ಕಳೆದುಕೊಳ್ಳುವುದಿಲ್ಲ.

ಮಸ್ಕಿ ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಬಂದಾಗ ನನಗೆ ಮೂರು ವರ್ಷವಂತೆ. ಅಪ್ಪ ಕಸುಬು ಕಲಿತದ್ದು ಇಲ್ಲಿಯೇ. ಅವ್ವ ಬಂಡೆಮ್ಮ ಹತ್ತು ವರ್ಷ ಅವನ ಹಿಂದೆ ಸಿಮೆಂಟಿನ ಬುಟ್ಟಿ ಹೊತ್ತಳು. ಈಗ ಮಂಡಿ ನೋವೆಂದು ಮನೆಯಲ್ಲಿದ್ದು ನಾಲ್ಕು ಮನೆಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಅವಳ ರೊಟ್ಟಿ ತಿನ್ನುವವರೆಲ್ಲ ನನ್ನ ಪಿಎಚ್‌ಡಿ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾರೆ. ನನಗೆ ಮೊದಲೇ ಮೂಗಿನ ಮೇಲೆ ಕೋಪ. ರೊಟ್ಟಿ ತಿನ್ನಿ, ಸುಮ್ಮನೆ ಹೋಗಿ ಎಂದು ಎರಡು ಸಲ ಹೇಳಿದ್ದೇನೆ. ಒಬ್ಬರು ಗಿರಾಕಿ ಹೋದರು.

ಅಪ್ಪ ನನ್ನ ಸಂಶೋಧನೆಯನ್ನು ಜೊತೆಯ ಕೆಲಸಗಾರರಿಗೆ ಹೀಗೆ ವಿವರಿಸುತ್ತಿದ್ದ: "ನಮ್ಮ ಹುಡುಗಿ, ಬಾವಿಗಿ ಬಿದ್ದ ಮಷೀನು ಹೆಂಗ ಕೂಗತೈತಿ ಅಂತ ಲೆಕ್ಕ ಮಾಡತಾಳ."

ಅವ್ವನಿಗೆ ಇದು ಒಪ್ಪಿಗೆಯಿರಲಿಲ್ಲ. "ಬಿದ್ದಮ್ಯಾಲೆ ಲೆಕ್ಕ ಯಾತಕ್ಕ? ಬೀಳದಂಗ ನೋಡಿಕೊಳ್ಳಾಕ ಏನಾಗೈತಿ?"

ಅಪ್ಪ ಹೇಳಿದ್ದು ಪೂರಾ ತಪ್ಪೇನಲ್ಲ. ಖಾಲಿ ಜಾಗ ಎಂದು ನಾವು ಕರೆಯುವುದು ನಿಜಕ್ಕೂ ಖಾಲಿಯಲ್ಲ, ಅಲ್ಲಿ ಸದಾ ಒಂದು ಸಣ್ಣ ಗುಸುಗುಸು ನಡೆದೇ ಇರುತ್ತದೆ ಎನ್ನುತ್ತದೆ ನಮ್ಮ ಶಾಸ್ತ್ರ. ಆ ಗುಸುಗುಸು ಕೇಳಲು ಕಾಗದದ ಮೇಲೆ ಒಂದು ಶೋಧಕವನ್ನು ಕಲ್ಪಿಸಿಕೊಳ್ಳುತ್ತೇವೆ. ಅಣುವಿನಷ್ಟು ಚಿಕ್ಕದು. ಅದಕ್ಕೆ ಗೊತ್ತಿರುವುದು ಎರಡೇ, ಮಲಗಿರುವುದು ಮತ್ತು ಎಚ್ಚರವಾಗುವುದು. ಏನಾದರೂ ತಾಕಿದರೆ ಎಚ್ಚರವಾಗುತ್ತದೆ, ಅದನ್ನು ನಾವು ಒಂದು 'ಟಿಕ್' ಎಂದು ಎಣಿಸುತ್ತೇವೆ. ಇಂಥ ಶೋಧಕವನ್ನು ಕಪ್ಪುಕುಳಿಯ ಮೇಲಿಂದ ಕೈಬಿಟ್ಟರೆ ಬೀಳುವ ದಾರಿಯಲ್ಲಿ ಎಲ್ಲೆಲ್ಲಿ ಎಷ್ಟು ಟಿಕ್ ಎನ್ನುತ್ತದೆ? ನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದು ಇಷ್ಟೇ.

ಕಪ್ಪುಕುಳಿಗೊಂದು ಗಡಿಯಿದೆ. ಅದನ್ನು ದಾಟಿ ಒಳಗೆ ಹೋದದ್ದು, ಬೆಳಕಾದರೂ ಸರಿ, ಮತ್ತೆ ಹೊರಗೆ ಬರುವುದಿಲ್ಲ. ನಾನೂ ನನ್ನ ಗೈಡ್ ಚೇತನಕುಮಾರ ಸರ್ ಅವರೂ ನಮ್ಮ ನಮ್ಮಲ್ಲಿ ಅದನ್ನು 'ಹೊಸ್ತಿಲು' ಎಂದು ಕರೆಯುತ್ತೇವೆ. ಯೂನಿವರ್ಸಿಟಿಯ ನಮ್ಮ ವಿಭಾಗದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಅವರದು ಮೈಸೂರಿನ ಕನ್ನಡ, ನನ್ನದು ಮಸ್ಕಿಯದು, ನಡುವೆ ಒಂದು ಸಣ್ಣ ಕಪ್ಪುಕುಳಿಯಷ್ಟು ಅಂತರ.

ಈ ಹೊಸ್ತಿಲಿನ ಬಗ್ಗೆ ಎಲ್ಲ ಪಠ್ಯಪುಸ್ತಕಗಳೂ ಹೇಳುವುದು ಒಂದೇ ಮಾತು: ಬೀಳುವವನಿಗೆ ಅದನ್ನು ದಾಟಿದ್ದು ತಿಳಿಯುವುದೇ ಇಲ್ಲ. ಅಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ, ಬೋರ್ಡಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಶೋಧಕ ಹೊಸ್ತಿಲು ದಾಟಿದ ಮರುಗಳಿಗೆಗೆ ಟಿಕ್‌ಗಳ ಎಣಿಕೆ ತೋರಿಸುವ ಗೆರೆ ಸಣ್ಣದಾಗಿ ಉಬ್ಬಿ ಮತ್ತೆ ಇಳಿಯುತ್ತಿತ್ತು. ಸಾಸಿವೆ ಕಾಳಿನಷ್ಟು ಉಬ್ಬು. ನಾಲ್ಕು ವರ್ಷ ಗುಡ್ಡ ಅಗೆದು ಹಿಡಿದ ಇಲಿ ಅದೊಂದೇ.

ಸರ್ ಅದನ್ನು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಏನಮ್ಮಾ ಇದು?"

"ಉಬ್ಬು ಸರ್."

"ಅದು ಕಾಣಿಸ್ತಾ ಇದೆ. ಯಾಕೆ ಇದೆ?"

"ಗೊತ್ತಿಲ್ರಿ ಸರ್. ಸರಳ ಮಾದರಿಯ ಕುಳಿಗಳಲ್ಲಿ ಇಂಥದ್ದನ್ನ ಕಂಡೋರು ಅದಾರ..."

"ನಿನ್ನದು ತಿರುಗೋ ಕುಳಿ ಕಣಮ್ಮ. ಅದರಲ್ಲಿ ಲೆಕ್ಕ ತಪ್ಪೋದಕ್ಕೆ ನೂರು ಜಾಗ ಇದೆ." ಅವರು ದನಿ ಏರಿಸುವ ಮನುಷ್ಯರಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು. "ಮುಂದಿನ ಶುಕ್ರವಾರ ಕಮಿಟಿ ಮುಂದೆ ನಿಂತ್ಕೋತೀಯ. ಅಷ್ಟರೊಳಗೆ ಇದನ್ನ ವಿವರಿಸು, ಇಲ್ಲಾ ತೆಗಿ. ಎರಡೂ ಮಾಡದೆ ಹೋದ್ರೆ ನಿನ್ನ ನಾಲ್ಕು ವರ್ಷದ ಕೆಲಸಾನೆಲ್ಲ ಅವರು ಇದೊಂದು ಸಾಸಿವೆಯಿಂದ ಅಳೀತಾರೆ."

ಆ ಕಮಿಟಿ ಹೂಂ ಎಂದರೆ ಮಾತ್ರ ನಾನು ಪ್ರಬಂಧ ಸಲ್ಲಿಸಬಹುದು. ಉಹೂಂ ಎಂದರೆ ಇನ್ನೊಂದು ವರ್ಷ, ಬಹುಶಃ ಎರಡು. ಅಪ್ಪನಿಗೆ ಐವತ್ತಾರು. ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುವವನ ಐವತ್ತಾರು ಅದು. ಕೆಲಸಕ್ಕೆ ಸೇರಿ ಅವನನ್ನು ಆ ನೆಲದಿಂದ ಎಬ್ಬಿಸಬೇಕೆಂದು ನನಗೆ ಹಟ. ಇನ್ನೆರಡು ವರ್ಷ ಕಾಯುವ ಮನಸ್ಸು ನನಗಿರಲಿಲ್ಲ.

ವಿವರಿಸಲು ಆಗಲಿಲ್ಲ. ಶನಿವಾರ ಮಧ್ಯಾಹ್ನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಮೂರು ಸಾಲು ಸೇರಿಸಿದೆ. ಗೆರೆಯ ಪ್ರತಿಯೊಂದು ಚುಕ್ಕಿಯನ್ನೂ ಅಕ್ಕಪಕ್ಕದ ಚುಕ್ಕಿಗಳ ಜೊತೆ ಸೇರಿಸಿ ಸರಾಸರಿ ತೆಗೆಯುವ ಮೂರು ಸಾಲು. ಉಬ್ಬು ಮಂಗಮಾಯ. ಗೆರೆ ಅಪ್ಪ ಹಾಕಿದ ನೆಲದ ಹಾಗೆ ನುಣ್ಣಗೆ ಬಂತು. ಲೆಕ್ಕದಲ್ಲಿ ಹೀಗೆ ನಯ ಮಾಡುವುದು ಎಲ್ಲರೂ ಮಾಡುವುದೇ ಎಂದು ಸಮಾಧಾನ ಹೇಳಿಕೊಂಡೆ. ಸರ್‌ಗೆ ಹೊಸ ಚಿತ್ರ ಕಳಿಸಿದೆ. 'ಸರಿ' ಎಂದು ಒಂದೇ ಮಾತಿನ ಉತ್ತರ ಬಂತು. ಕಳಿಸುವಾಗ ಮೂರು ಸಾಲಿನ ವಿಷಯ ಮಾತ್ರ ಬರೆದಿರಲಿಲ್ಲ.

ಮರುದಿನ ಭಾನುವಾರ. ಅಪ್ಪ ಹಿಮಾಯತ್‌ನಗರದ ಒಂದು ಹಳೆಯ ಮನೆಯಲ್ಲಿ ಕೆಲಸ ಮುಗಿಸಿದ್ದ, ಅಂದು ಒಪ್ಪಿಸುವ ದಿನ. ಓದಿ ಓದಿ ನನ್ನ ಮುಖ ಬಾಡಿದೆಯೆಂದು ಅವ್ವ ಬುತ್ತಿ ಕಟ್ಟಿ ನನ್ನನ್ನೂ ಅವನ ಗಾಡಿಯ ಹಿಂದೆ ಕೂರಿಸಿದಳು. ನನಗೂ ಮನೆಯಲ್ಲಿ ಕೂತು ಆ ನುಣುಪು ಗೆರೆಯನ್ನು ನೋಡುವುದು ಬೇಕಿರಲಿಲ್ಲ.

ಟೈಲ್ಸ್ ಕೆಲಸದಲ್ಲಿ ಒಪ್ಪಿಸುವುದೆಂದರೆ ಬಡಿದು ನೋಡುವುದು. ಟೈಲ್ಸಿನ ಕೆಳಗೆ ಸಿಮೆಂಟು ತುಂಬಿ ಕೂತಿದ್ದರೆ ನಾಣ್ಯದಿಂದ ತಟ್ಟಿದಾಗ 'ಟಣ್' ಎನ್ನುತ್ತದೆ. ಎಲ್ಲಾದರೂ ಪೊಳ್ಳು ಉಳಿದಿದ್ದರೆ 'ಟಪ್'. ಮೇಲಿನಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಇದಕ್ಕೆಂದೇ ಅಪ್ಪನ ಹತ್ತಿರ ಹಳೆಯ ಕಾಲದ ದಪ್ಪ ಒಂದು ರೂಪಾಯಿಯ ನಾಣ್ಯವಿದೆ, ಅಂಚು ಸವೆದು ನುಣ್ಣಗಾಗಿದೆ. ಈಗಿನ ತೆಳು ನಾಣ್ಯ ಮಾತಾಡುವುದಿಲ್ಲ ಎನ್ನುತ್ತಾನೆ. ಅವನದೇ ಒಂದು ನಿಯಮವೂ ಇದೆ. ತಾನು ಹಾಕಿದ ನೆಲವನ್ನು ತಾನೊಬ್ಬನೇ ಬಡಿದು ಒಪ್ಪಿಸುವುದಿಲ್ಲ. ಮನೆಯವರು ಅವರ ನಾಣ್ಯದಿಂದ ಬಡಿಯಬೇಕು, ಇವನು ಇವನದರಿಂದ. ಎರಡು ನಾಣ್ಯ ಒಂದೇ ಮಾತು ಹೇಳಿದ ಮೇಲೆಯೇ ತೀರ್ಮಾನ.

ಮನೆಯ ಯಜಮಾನ ಅಮರಯ್ಯ, ಎಪ್ಪತ್ತು ದಾಟಿದ ತೆಲುಗಿನವರು. ಕೆಲಸ ಹಿಡಿಸಿದ ಮೇಸ್ತ್ರಿ ಲಿಂಗಣ್ಣ ನಮ್ಮ ಕಡೆಯವನೇ, ಸಿಂಧನೂರಿನವನು. ಅಮರಯ್ಯ ಊರುಗೋಲಿಗೆ ಆತು ಬಗ್ಗಿ, ಐದು ರೂಪಾಯಿ ನಾಣ್ಯ ಹಿಡಿದು ಪಡಸಾಲೆಯಿಂದ ಶುರು ಮಾಡಿದರು. ಟಣ್, ಟಣ್, ಟಣ್. ಪಡಸಾಲೆ ಮುಗಿದು ಪಕ್ಕದ ಕೋಣೆಗೆ ದಾಟುವ ಬಾಗಿಲಿನಲ್ಲಿ ಟಪ್ ಎಂದಿತು. ಮತ್ತೆ ತಟ್ಟಿದರು. ಟಪ್. ಅಲ್ಲಿಂದ ಒಂದು ಗೇಣು ಆಚೆ ಟಣ್, ಈಚೆಯೂ ಟಣ್. ಬಾಗಿಲ ಉದ್ದಕ್ಕೂ ಒಂದು ಪಟ್ಟಿಯಷ್ಟು ಮಾತ್ರ ಟಪ್.

ಅಪ್ಪನ ಮುಖ ನೋಡಿದೆ. ಇಪ್ಪತ್ತು ವರ್ಷದಲ್ಲಿ ಅವನ ಕೆಲಸದಲ್ಲಿ ಪೊಳ್ಳು ಬಂದದ್ದು ನಾನು ಕೇಳಿರಲಿಲ್ಲ.

ಅಮರಯ್ಯ ನೀರು ಕುಡಿಯಲು ಒಳಗೆ ಹೋದದ್ದೇ ತಡ, ಲಿಂಗಣ್ಣ ಅಪ್ಪನ ಕಿವಿಗೆ ಬಾಯಿ ಇಟ್ಟ. "ಹಂಪಣ್ಣ, ಜಾಯಿಂಟಿನಾಗ ಒಂದು ತೂತು ಕೊರದು ಒಂದು ಲೋಟ ಸಿಮೆಂಟ್ ಹಾಲು ಬಿಡು. ನಾಳಿಗಿ ಟಣ್ ಅಂತೈತಿ. ಮುದುಕಗ ಏನ್ ಗೊತ್ತಾಕೈತಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲ ಮೇಲಿನ ಓಢಣಿ ಸರಿಮಾಡಿಕೊಂಡೆ. ಸಿಮೆಂಟ್ ಹಾಲು ಎಂದರೆ ನೀರಿನಂತೆ ತೆಳ್ಳಗೆ ಕಲಸಿದ ಸಿಮೆಂಟು. ನನ್ನ ಮೂರು ಸಾಲು ಎಂದರೆ ಅದೇ.

ಅಪ್ಪ ಬಾಗಿಲಲ್ಲಿ ಕೂತು ಅಂಗೈಯಿಂದ ಟೈಲ್ಸನ್ನು ಸವರಿದ. "ಹಾಲು ಬಿಟ್ರ ಪೊಳ್ಳು ಹೋಗಂಗಿಲ್ಲ ಲಿಂಗಣ್ಣ. ದನಿ ಹೋಕ್ಕೈತಿ, ಅಷ್ಟ."

"ದನಿ ಹೋದ್ರ ಸಾಕಲ್ಲೋ ಮಾರಾಯ."

ಅಪ್ಪ ತನ್ನ ನಾಣ್ಯ ತೆಗೆದು ನನಗೆ ಕೊಟ್ಟ. "ನೀ ಬಡಿ, ಭಾಗ್ಯಾ. ನನ್ನ ಕೈ ತಪ್ಪು ಮಾಡಿದ್ರ ನನ್ನ ಕಿವಿ ಮುಚ್ಚಿಕೊಂತೈತಿ."

ನಾನು ಬಡಿದೆ. ಅಮರಯ್ಯನವರ ನಾಣ್ಯಕ್ಕಿಂತ ಇದರ ದನಿ ದಪ್ಪ. ಆದರೆ ಟಪ್ ಎಂದದ್ದು ಅಲ್ಲಿಯೇ, ಅದೇ ಪಟ್ಟಿಯಲ್ಲಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ನಾಣ್ಯ ಬದಲಾದ್ರೂ ಜಾಗ ಬದಲಾಗಲಿಲ್ಲ," ಎಂದ ಅಪ್ಪ. "ಜಾಗ ಬದಲಾಗಿದ್ರ ತಪ್ಪು ಬಡಿಯೋರ ಕೈದು. ಬದಲಾಗಲಿಲ್ಲಂದ್ರ ನೆಲದ್ದು. ಕಿತ್ತ ನೋಡ್ಬೇಕು."

ಲಿಂಗಣ್ಣ ಹಣೆ ಚಚ್ಚಿಕೊಂಡ. ಅಪ್ಪ ಉಳಿ ಸುತ್ತಿಗೆ ತಂದು ತಾನೇ ಹಾಕಿದ ಟೈಲ್ಸನ್ನು ತಾನೇ ಒಡೆದ. ಸದ್ದು ಕೇಳಿ ಅಮರಯ್ಯನವರೂ ಬಂದು ನಿಂತರು. ಚೂರುಗಳನ್ನು ಎತ್ತಿ ತಿರುಗಿಸಿ ನೋಡಿದರೆ ಬೆನ್ನಿಗೆ ಪೂರ್ತಿ ಸಿಮೆಂಟು ಕಚ್ಚಿತ್ತು. ಪೊಳ್ಳಿನ ಸುಳಿವೇ ಇಲ್ಲ. ಅಪ್ಪನ ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ನನಗೆ ಹೋದ ಜೀವ ಬಂದಂತಾಯಿತು. ಅಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಹಾಗಾದರೆ ದನಿ ಎಲ್ಲಿಂದ ಬಂತು?

ಅವನು ಸಿಮೆಂಟಿನ ಹಾಸನ್ನೂ ಕೆದರಿ ತೆಗೆದ. ಅದರ ಅಡಿಯಲ್ಲಿ, ಬಾಗಿಲ ಈ ತುದಿಯಿಂದ ಆ ತುದಿಗೆ, ಬೆರಳು ಹೋಗುವಷ್ಟು ಅಗಲದ ಒಂದು ನೇರವಾದ ಸಂದು. ಸಂದಿನ ಈಚೆ ಹಳೆಯ ಸುಣ್ಣದ ಗಚ್ಚು, ಕೆಂಪಗಿತ್ತು. ಆಚೆ ಬೂದು ಬಣ್ಣದ ಕಾಂಕ್ರೀಟು. ಎರಡು ಬೇರೆ ಕಾಲದ ನೆಲಗಳು ಅಲ್ಲಿ ಕೂಡಿದ್ದವು.

ಅಮರಯ್ಯ ಊರುಗೋಲು ಬದಿಗಿಟ್ಟು ನಿಧಾನವಾಗಿ ನೆಲಕ್ಕೆ ಕೂತರು. "ಅರುಗು," ಎಂದರು. ತೆಲುಗಿನಲ್ಲಿ ಅರುಗು ಎಂದರೆ ಮನೆಯ ಮುಂದಿನ ಕಟ್ಟೆ. ಆಮೇಲೆ ಅವರು ಹೇಳಿದ್ದು ಇಷ್ಟು: ಈ ಕೋಣೆ ಮೊದಲು ಕೋಣೆಯಾಗಿರಲಿಲ್ಲ. ಮನೆ ಇಲ್ಲಿಗೆ ಮುಗಿದು ಆಚೆ ಕಟ್ಟೆಯಿತ್ತು. ಅವರು ಏಳನೆಯ ಕ್ಲಾಸಿನಲ್ಲಿದ್ದಾಗ, ಹುಡುಗನಿಗೆ ಓದಲು ಜಾಗ ಬೇಕೆಂದು, ಅವರ ತಂದೆ ಆ ಕಟ್ಟೆ ಒಡೆಸಿ ಕೋಣೆ ಕಟ್ಟಿಸಿದರು. ಅರವತ್ತು ವರ್ಷ ಅದೇ ಕೋಣೆಯಲ್ಲಿ ಓಡಾಡಿಕೊಂಡಿದ್ದರೂ ಇದು ನೆನಪಿನಿಂದಲೇ ಹಾರಿಹೋಗಿತ್ತು.

"ಮರೆತೇ ಬಿಟ್ಟಿದ್ದೆ," ಎಂದು ಮೂರು ಸಲ ಹೇಳಿದರು. ಸಂದಿನೊಳಗೆ ಬೆರಳಿಟ್ಟು ನಗುತ್ತಿದ್ದರು, ಕಣ್ಣು ಮಾತ್ರ ಒದ್ದೆಯಾಗಿತ್ತು. "ಇದನ್ನು ಮುಚ್ಚಬೇಡಯ್ಯಾ. ದನಿ ಇದ್ದರೆ ಇರಲಿ."

"ಮುಚ್ಚಂಗಿಲ್ರಿ," ಎಂದ ಅಪ್ಪ ತನ್ನ ಕನ್ನಡ ಬೆರೆತ ತೆಲುಗಿನಲ್ಲಿ. ಸಂದಿನ ಮೇಲೆ ಟೈಲ್ಸು ಅಡ್ಡ ಕೂತರೆ ಇವತ್ತಲ್ಲ ನಾಳೆ ಬಿರುಕು ಬಿಡುತ್ತದೆ, ಅದರ ಬದಲು ಅಲ್ಲಿ ಒಂದು ಕರಿಕಲ್ಲಿನ ಪಟ್ಟಿ ಇಟ್ಟು ಹೊಸ್ತಿಲು ಮಾಡುತ್ತೇನೆ, ಗಡಿ ಇದ್ದಲ್ಲಿಯೇ ಗೆರೆ ಬರಲಿ ಎಂದು ವಿವರಿಸಿದ. ಅಮರಯ್ಯ ಸಂತೋಷದಿಂದ ತಲೆ ಆಡಿಸಿದರು. ನಾವು ತಂದ ಬುತ್ತಿಯ ರೊಟ್ಟಿಯನ್ನು ಅಂದು ಅವರೂ ತಿಂದರು.

ವಾಪಸು ಬರುವಾಗಲೂ ನಾನು ಗಾಡಿಯ ಹಿಂದೆ ಕೂತಿದ್ದೆ. ರಾಮಂತಾಪುರ ದಾಟಿದ ಮೇಲೆ ತಡೆಯಲಾಗಲಿಲ್ಲ.

"ಅಪ್ಪಾ, ನಾನೂ ಹಾಲು ಬಿಟ್ಟೀನಿ."

ಸುತ್ತ ಬಸ್ಸು ಆಟೋಗಳ ಗದ್ದಲ. ಆದರೂ ಕೇಳಿಸಿತು. "ಎಲ್ಲಿ?"

"ಹೊಸ್ತಿಲದಾಗ. ಉಬ್ಬು ಬಂದಿತ್ತು. ಯಾಕಂತ ತಿಳೀಲಿಲ್ಲ. ಮುಚ್ಚಿಬಿಟ್ಟೆ. ಸರ್‌ಗೂ ಹೇಳಿಲ್ಲ."

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವನು ಮುಂದಿನ ಸಿಗ್ನಲ್ಲಿನ ಕೆಂಪು ದೀಪದ ಕೆಳಗೆ ಗಾಡಿ ನಿಲ್ಲಿಸಿ ಕತ್ತು ಹೊರಳಿಸಿದ.

"ಇನ್ನೂ ಹಸಿ ಐತೇನು?"

"ಶುಕ್ರವಾರದ ತನಕ ಹಸಿನ."

"ಹಂಗಾರ ಕಿತ್ತು ತೆಗಿ."

ಸೋಮವಾರ ಬೆಳಗ್ಗೆ ಮೆಟ್ರೋ ಇಳಿದವಳೇ ಲ್ಯಾಬಿಗೆ ಹೋಗಿ ಮೂರೂ ಸಾಲು ಅಳಿಸಿದೆ. ಉಬ್ಬು ಎಲ್ಲಿಯೂ ಹೋಗಿರಲಿಲ್ಲ, ಸಾಸಿವೆಯ ಹಾಗೆ ತನ್ನ ಜಾಗದಲ್ಲೇ ಕೂತಿತ್ತು. ಇನ್ನು ನಾಣ್ಯ ಬದಲಿಸಿ ಬಡಿಯುವ ಕೆಲಸ. ನಮ್ಮ ಶೋಧಕವನ್ನು ಬೀಳುವಾಗ ಸ್ವಲ್ಪ ಹೊತ್ತು ಮಾತ್ರ ಚಾಲೂ ಇಡುತ್ತೇವೆ, ಅದನ್ನೂ ಮೆಲ್ಲಗೆ ಚಾಲೂ ಮಾಡಿ ಮೆಲ್ಲಗೆ ಆರಿಸಬೇಕು. ಫಕ್ಕನೆ ಚಾಲೂ ಮಾಡಿದರೆ ಆ ಗಾಬರಿಗೇ ಅದು ಟಿಕ್ ಎಂದುಬಿಡುತ್ತದೆ, ಮಲಗಿದವರನ್ನು ದಬ್ಬಿ ಎಬ್ಬಿಸಿದ ಹಾಗೆ. ಎಷ್ಟು ಹೊತ್ತು ಚಾಲೂ ಇಡುತ್ತೇವೆ ಎನ್ನುವುದೇ ನನ್ನ ನಾಣ್ಯ. ಇಷ್ಟು ದಿನ ಒಂದೇ ಅಳತೆ ಇಟ್ಟುಕೊಂಡಿದ್ದೆ.

ಮೊದಲು ಹತ್ತು ಪಟ್ಟು ಉದ್ದದ ಅಳತೆ ಹಾಕಿದೆ. ಉಬ್ಬು ಮಾಯವಾಯಿತು. ಸರ್ ಹೇಳಿದ್ದೇ ಸರಿ, ಎಲ್ಲ ನನ್ನ ಭ್ರಮೆ ಎಂದು ಕುರ್ಚಿಯಲ್ಲಿ ಕುಸಿದೆ. ಎರಡು ಚಹಾ ಕುಡಿದ ಮೇಲೆ ಅಪ್ಪನ ರಬ್ಬರ್ ಸುತ್ತಿಗೆ ನೆನಪಾಯಿತು. ಟೈಲ್ಸ್ ಕೂರಿಸಲು ಅದು ಬೇಕು, ಆದರೆ ಪೊಳ್ಳು ಹುಡುಕಲು ಅವನು ಅದನ್ನು ಮುಟ್ಟುವುದಿಲ್ಲ, ಅಷ್ಟಗಲದ ತಲೆಗೆ ಬೆರಳಗಲದ ಪೊಳ್ಳು ಕೇಳಿಸದು. ನಾನು ಹಾಕಿದ್ದ ಅಳತೆ ಬೀಳುವ ದಾರಿಯ ಮುಕ್ಕಾಲು ಪಾಲನ್ನೇ ನುಂಗುವಷ್ಟು ದೊಡ್ಡದು, ಅಂಥ ಸುತ್ತಿಗೆ. ಚಿಕ್ಕ ಅಳತೆಗಳಿಗೆ ಬಂದೆ. ಬುಧವಾರದೊಳಗೆ ಆರು ಬೇರೆ ಬೇರೆ ನಾಣ್ಯ ಆದವು. ಉಬ್ಬಿನ ಎತ್ತರ ಒಂದೊಂದರಲ್ಲಿ ಒಂದೊಂದು ತರಹ. ಜಾಗ ಮಾತ್ರ ಒಂದೇ.

ಆರು ನಾಣ್ಯವಾದರೂ ಬಡಿದ ಕೈ ಒಂದೇ, ನನ್ನದು. ನನ್ನ ಪ್ರೋಗ್ರಾಮಿನಲ್ಲೇ ತಪ್ಪಿದ್ದರೆ ಆರರಲ್ಲೂ ಅದೇ ತಪ್ಪು ಇರುತ್ತದೆ. ಇದು ಗೊತ್ತಿದ್ದೇ ಸೋಮವಾರ ಸಂಜೆ, ಎರಡೇ ನಾಣ್ಯ ಆಗಿದ್ದಾಗ, ಸರ್‌ಗೆ ಪತ್ರ ಬರೆದಿದ್ದೆ. ಮೂರು ಸಾಲಿನ ಕಳ್ಳತನ ಒಪ್ಪಿಕೊಂಡೆ. ಕೊನೆಗೆ ಹೀಗೆ ಬರೆದೆ: 'ಉಬ್ಬನ್ನು ವಿವರಿಸಲು ನನಗೆ ಇನ್ನೂ ಬರುವುದಿಲ್ಲ, ಆದರೆ ತೆಗೆಯುವುದೂ ಇಲ್ಲ. ನಮ್ಮ ತಂದೆ ನೆಲವನ್ನು ಇಬ್ಬರ ನಾಣ್ಯದಿಂದ ಬಡಿಸದೆ ಒಪ್ಪಿಸುವುದಿಲ್ಲ. ನನ್ನ ಹತ್ತಿರ ಇರುವುದು ಒಬ್ಬಳ ನಾಣ್ಯ ಮಾತ್ರ. ಶುಕ್ರವಾರ ಇದನ್ನೇ ಹೇಳುತ್ತೇನೆ.'

ಉತ್ತರ ಬರಲಿಲ್ಲ. ಮಂಗಳವಾರ ಅವರ ಕೋಣೆಗೆ ಬೀಗ. ಬುಧವಾರವೂ ಬೀಗ. ಆಫೀಸಿನಲ್ಲಿ ಕೇಳಿದರೆ ರಜೆ ಹಾಕಿ ಮನೆಯಲ್ಲಿದ್ದಾರೆ ಎಂದರು. ನನ್ನ ಮೇಲಿನ ಸಿಟ್ಟಿಗೆ ರಜೆಯೇ ಹಾಕಿದ್ದಾರೆಂದರೆ ಶುಕ್ರವಾರ ಕಮಿಟಿಯ ಮುಂದೆ ನನ್ನನ್ನು ಕೈಬಿಡುವುದು ಖಂಡಿತ. ಗುರುವಾರ ಮನೆಗೆ ಬಂದು ಅವ್ವನ ಮುಂದೆ ಗೋಳಾಡಿದೆ.

ಅವ್ವ ಹಿಟ್ಟು ನಾದುತ್ತ ಹೇಳಿದಳು, "ಬೈಯೋರು ಆವಾಗಿಂದಾವಾಗ ಬೈತಾರ. ಸುಮ್ಮನ ಅದಾರಂದ್ರ ಏನೋ ಮಾಡಾಕತ್ತಾರ."

ಶುಕ್ರವಾರ ಹನ್ನೊಂದಕ್ಕೆ ಸೆಮಿನಾರು. ಯಾರು ಬೇಕಾದರೂ ಬರಬಹುದು ಎಂದು ಬೋರ್ಡಿನಲ್ಲಿ ಬರೆದಿತ್ತು, ಅದನ್ನು ನಿಜವೆಂದು ನಂಬಿ ಬಂದವರು ಅಪ್ಪ ಅವ್ವ ಇಬ್ಬರೇ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಕೊನೆಯ ಸಾಲಿನಲ್ಲಿ ಕೂತಿದ್ದ. ಅವ್ವನ ತೊಡೆಯ ಮೇಲೆ ರೊಟ್ಟಿಯ ಡಬ್ಬಿ. ಕಮಿಟಿಯ ಮೂವರೂ ಬಂದರು. ಸರ್ ಕೊನೆಗೆ ಬಂದರು, ಗಡ್ಡ ಬೆಳೆದಿತ್ತು, ನನ್ನ ಕಡೆ ತಿರುಗಿ ನೋಡಲಿಲ್ಲ.

ನಲವತ್ತು ನಿಮಿಷ ಮಾತಾಡಿದೆ. ಉಬ್ಬಿನ ಚಿತ್ರ ಬಂದಾಗ ಅದನ್ನು ಇಡೀ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದೆ. ಮೂರು ಸಾಲಿನಿಂದ ಮುಚ್ಚಿದ್ದೆ, ಆಮೇಲೆ ಆ ಸಾಲು ಅಳಿಸಿದೆ ಎಂದೂ ಹೇಳಿದೆ. ಆರು ಅಳತೆಗಳ ಆರು ಗೆರೆ ಒಂದರ ಮೇಲೊಂದು ಇಟ್ಟೆ.

ಕಮಿಟಿಯಲ್ಲಿ ಎಲ್ಲರಿಗೂ ಹಿರಿಯರಾದ ಮೇಡಂ ಒಬ್ಬರಿದ್ದರು, ಅವರ ಪ್ರಶ್ನೆಗೆ ಹೆದರದವರಿಲ್ಲ. ಅವರು ಕೇಳಿದ್ದು ಒಂದೇ: "ಈ ಆರೂ ನಿನ್ನದೇ ಪ್ರೋಗ್ರಾಮಿನಿಂದ ಬಂದದ್ದಲ್ಲವೇ? ಬೇರೆ ಯಾರಾದರೂ ಬೇರೆ ದಾರಿಯಿಂದ ಲೆಕ್ಕ ಮಾಡಿ ನೋಡಿದ್ದಾರೆಯೇ?"

"ಇಲ್ಲ ಮೇಡಂ."

"ಹಾಗಾದರೆ ಇದನ್ನು ಒಪ್ಪುವುದು ಹೇಗೆ?"

ಮುಗಿಯಿತು ಎಂದುಕೊಂಡೆ. ವಿಚಿತ್ರವೆಂದರೆ ದುಃಖ ಅಷ್ಟಾಗಿ ಆಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಯಾಗಿತ್ತು.

ಆಗ ಚೇತನಕುಮಾರ ಸರ್ ಎದ್ದು ನಿಂತರು. ಜೇಬಿನಿಂದ ಪೆನ್‌ಡ್ರೈವ್ ತೆಗೆದು, ಕನ್ನಡಕ ಸರಿಮಾಡಿಕೊಂಡು, ಮುಂದೆ ಬಂದರು.

"ನಾನು ಮಾಡಿದ್ದೇನೆ," ಎಂದರು ಇಂಗ್ಲಿಷಿನಲ್ಲಿ. ಸೋಮವಾರ ನನ್ನ ಪತ್ರ ನೋಡಿದ ಮೇಲೆ ಅವರಿಗೆ ಸಿಟ್ಟು ಬಂದದ್ದು ನಿಜವಂತೆ. ಸಿಟ್ಟು ಇಳಿದ ಮೇಲೆ ಮನೆಯಲ್ಲಿ ಕೂತು, ನನ್ನ ಪ್ರೋಗ್ರಾಮಿನ ಒಂದು ಅಕ್ಷರವನ್ನೂ ನೋಡದೆ, ಮೊದಲಿನಿಂದ ತಮ್ಮದೇ ಇನ್ನೊಂದು ಬರೆದರು. ಹನ್ನೆರಡು ವರ್ಷದಿಂದ ಅವರು ಪ್ರೋಗ್ರಾಮು ಬರೆದಿರಲಿಲ್ಲ. ಅವರು ಬಳಸಿದ ಭಾಷೆ ನಾನು ಹುಟ್ಟುವ ಮೊದಲೇ ಮುದಿಯಾಗಿತ್ತು. ನಾಲ್ಕು ದಿನ ಅದರ ಜೊತೆ ಗುದ್ದಾಡಿ ಅವತ್ತು ಬೆಳಗ್ಗೆ ಒಂಬತ್ತಕ್ಕೆ ಫಲಿತಾಂಶ ಪಡೆದಿದ್ದರು.

ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು, "ಮೊದಲೇ ಹೇಳಿದ್ರೆ ನೀನು ನಿನ್ನದನ್ನ ನನ್ನದಕ್ಕೆ ಹೊಂದಿಸಿಬಿಡ್ತೀಯೇನೋ ಅಂತ ಸುಮ್ನಿದ್ದೆ ಕಣಮ್ಮ. ಮೂರು ಸಾಲು ಬರೆದೋಳು ನಾಲ್ಕನೇದು ಬರೆಯೋಲ್ಲ ಅಂತ ಏನು ನಂಬಿಕೆ?"

ಕೋಪ ಬರಬೇಕಿತ್ತು. ಬರಲಿಲ್ಲ. ಮಾತು ಸರಿಯಾಗಿತ್ತು.

ಪರದೆಯ ಮೇಲೆ ನನ್ನ ಗೆರೆಯ ಜೊತೆಗೆ ಅವರ ಗೆರೆ ಮೂಡಿತು. ನನ್ನದು ನೀಲಿ, ಅವರದು ಹಸಿರು. ದೂರದಿಂದ ಬೀಳುತ್ತ, ಹೊಸ್ತಿಲ ಹತ್ತಿರ ಬರುತ್ತ, ದಾಟಿದ ಮರುಗಳಿಗೆಗೆ ಹಸಿರು ಗೆರೆಯೂ ಸಾಸಿವೆಯಷ್ಟು ಉಬ್ಬಿ ಇಳಿಯಿತು. ಅವರ ಉಬ್ಬು ನನ್ನದಕ್ಕಿಂತ ಸ್ವಲ್ಪ ಕುಳ್ಳು. ಜಾಗ ಅದೇ.

ಮೇಡಂ ಎದ್ದು ಪರದೆಯ ಹತ್ತಿರ ಹೋಗಿ ಎರಡೂ ಗೆರೆ ನೋಡಿದರು. ಆಮೇಲೆ ಕಾರಣ ಹುಡುಕುವ ಪ್ರಯತ್ನದ ಒಂದು ಅಧ್ಯಾಯ ಸೇರಿಸಿ ಮೂರು ತಿಂಗಳಲ್ಲಿ ಪ್ರಬಂಧ ಸಲ್ಲಿಸಬಹುದು ಎಂದರು. ಕಾರಣ ಸಿಗದಿದ್ದರೆ ಸಿಕ್ಕಿಲ್ಲ ಎಂದೇ ಬರೆಯಬೇಕಂತೆ. ಬರೆಯುತ್ತೇನೆ ಎಂದೆ. ಕೊನೆಯ ಸಾಲಿನಲ್ಲಿ ಅವ್ವ ಪಕ್ಕಕ್ಕೆ ಬಗ್ಗಿ, "ಹೂಂ ಅಂದ್ರೋ ಉಹೂಂ ಅಂದ್ರೋ?" ಎಂದು ಕೇಳಿದ್ದು ಇಡೀ ಸಭೆಗೆ ಕೇಳಿಸಿತು.

"ಹೂಂ ಅಂದಾರ," ಎಂದ ಅಪ್ಪ. ಎರಡು ಬಣ್ಣದ ಗೆರೆಗಳು ಒಂದೇ ಕಡೆ ಉಬ್ಬಿದ್ದನ್ನು ಅವನಿಗೆ ಯಾರೂ ವಿವರಿಸಬೇಕಿರಲಿಲ್ಲ.

ಎಲ್ಲರೂ ಏಳುವಾಗ ಸರ್ ನೇರವಾಗಿ ಅಪ್ಪನ ಹತ್ತಿರ ಹೋಗಿ ಕೈಮುಗಿದರು. "ನಾಣ್ಯದ ಯಜಮಾನರು ನೀವೇ ಅಲ್ವಾ?"

ಅಪ್ಪ ನಾಚಿ ತಲೆ ಕೆರೆದುಕೊಂಡ. ಮಾತಿಗೆ ತಡವರಿಸುತ್ತಲೇ ಬಾಗಿಲವರೆಗೆ ಜೊತೆಯಲ್ಲಿ ನಡೆದ. ಬಾಗಿಲು ದಾಟುವಾಗ ಅವನ ಹೆಜ್ಜೆ ನಿಂತಿತು. ಹಿಮ್ಮಡಿಯಿಂದ ನೆಲ ಒತ್ತಿ ನೋಡಿದ. ನನಗೆ ಅರ್ಥವಾಗಿ, "ಅಪ್ಪಾ, ಇಲ್ಲಿ ಬ್ಯಾಡ," ಎನ್ನುವಷ್ಟರಲ್ಲಿ ಇಸ್ತ್ರಿ ಅಂಗಿಯ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು, ಜೇಬಿನ ನಾಣ್ಯ ತೆಗೆದು ಹೊಸ್ತಿಲ ಪಕ್ಕದ ಟೈಲ್ಸನ್ನು ಬಡಿದಾಗಿತ್ತು.

ಟಪ್.

"ಪೊಳ್ಳು," ಎಂದ, ಯಾರನ್ನೂ ದೂರದೆ, ಸುಮ್ಮನೆ ತಿಳಿಸುವ ದನಿಯಲ್ಲಿ.

ಸರ್ ತಮ್ಮ ಪ್ಯಾಂಟಿನ ಜೇಬು ತಡಕಿದರು. ಎರಡು ರೂಪಾಯಿಯ ಒಂದು ನಾಣ್ಯ ಸಿಕ್ಕಿತು. ಪ್ಯಾಂಟಿನ ಮಡಿಕೆ ಮುರಿಯುವುದನ್ನೂ ಲೆಕ್ಕಿಸದೆ ಅಪ್ಪನ ಪಕ್ಕದಲ್ಲಿ ಮಂಡಿಯೂರಿ, ಕಿವಿ ನೆಲದ ಹತ್ತಿರ ತಂದು, ಮೊದಲು ಅತ್ತ ಬಡಿದರು, ಇತ್ತ ಬಡಿದರು, ಆಮೇಲೆ ನಡುವೆ. ಕಮಿಟಿಯ ಮೂವರೂ ಹೊರಗೆ ಹೋಗಲು ದಾರಿಯಿಲ್ಲದೆ ಹಿಂದೆ ನಿಂತಿದ್ದರು.

"ಹೌದು," ಎಂದರು ಸರ್. "ಇಲ್ಲೇ."

"ಜಾಗ ಬದಲಾಗಲಿಲ್ಲಲ್ರಿ?"

"ಇಲ್ಲ. ಬದಲಾಗಲಿಲ್ಲ."

"ಹಂಗಾರ ನೆಲದ್ದರಿ," ಎಂದ ಅಪ್ಪ, ಬಹಳ ಸಮಾಧಾನದಿಂದ.

ಇಬ್ಬರೂ ಅಲ್ಲಿಯೇ ಕೂತು ಒಬ್ಬರ ನಾಣ್ಯ ಒಬ್ಬರು ಇಸಿದುಕೊಂಡು ನೋಡತೊಡಗಿದರು. ನನಗೆ ಅಳು ಬಂತು, ನಗುವೂ ಬಂತು, ಯಾವುದನ್ನೂ ಮುಚ್ಚಲಿಲ್ಲ. ಅವ್ವ ಮಾತ್ರ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಹಿಂದೆ ದೊಡ್ಡವರು ಕಾಯುತ್ತಿದ್ದಾರೆ, ರೊಟ್ಟಿಯೂ ಆರುತ್ತಿದೆ, ಎದ್ದೇಳಿ ಎಂದು ಇಬ್ಬರನ್ನೂ ಸೇರಿಸಿ ಗದರಿದಳು.